ಮುಟ್ಟಬಾರದ ಗೊಂಬೆಗಳ ಹಬ್ಬ

ಹಿನಮತ್ಸುರಿ ಜಪಾನಿನಲ್ಲಿ ಮಾರ್ಚ್ 3ರಂದು ಆಚರಿಸುವ ಹೆಣ್ಣುಮಕ್ಕಳ ಹಬ್ಬ. ಮಗಳು ಆರೋಗ್ಯವಾಗಿ ಬೆಳೆಯಲಿ, ಒಳ್ಳೆಯ ಬಾಳು ಕಾಣಲಿ ಎಂಬುದು ಹಬ್ಬದ ಹಾರೈಕೆ. ಹಾರೈಕೆ ಮಗಳ ಪಾಲಿಗೆ, ಕೆಲಸ ಅಮ್ಮ ಅಜ್ಜಿಯರ ಪಾಲಿಗೆ. ಮನೆಯ ತುಂಬ ಗೊಂಬೆ ಕೂರಿಸಿ, ಯಾರ ಹೆಸರಿನಲ್ಲಿ ಕೂರಿಸಿದ್ದಾರೋ ಆ ಹುಡುಗಿಗೇ ಮುಟ್ಟಬೇಡ ಎನ್ನುವ ಹಬ್ಬ ಇದು.

ಒಂದು ಕಾಲಕ್ಕೆ ಈ ಗೊಂಬೆ ಇದ್ದದ್ದೇ ಮುಟ್ಟುವುದಕ್ಕೆ. ಕಾಗದದಲ್ಲೋ ಹುಲ್ಲಿನಲ್ಲೋ ಮನುಷ್ಯನ ಆಕಾರ ಮಾಡಿ, ಮೈಗೆ ಸವರಿ, ಪೀಡೆಯನ್ನೆಲ್ಲ ಅದಕ್ಕೆ ದಾಟಿಸಿ ನೀರಿಗೆ ಬಿಡುತ್ತಿದ್ದರು. 11ನೇ ಶತಮಾನದ ಕಾದಂಬರಿ ‘ಗೆಂಜಿ ಮೊನೊಗತಾರಿ’ಯ ನಾಯಕ ಕೂಡ ಸುಮಾ ಕಡಲತೀರದಲ್ಲಿ ಹೀಗೊಂದು ಗೊಂಬೆಯನ್ನು ತೇಲಿಬಿಡುತ್ತಾನೆ. ವಕಯಾಮಾದ ಅವಾಶಿಮಾ ದೇಗುಲದಲ್ಲಿ ಈಗಲೂ ಮಾರ್ಚ್ 3ರಂದು ದೋಣಿ ತುಂಬ ಗೊಂಬೆಗಳನ್ನು ಹೇರಿ ಕಡಲಿಗೆ ಕಳಿಸುತ್ತಾರೆ. ಆದರೆ ಶೋಗುನ್ ಎಂಬ ಸೇನಾಧಿಪತಿಗಳು ಆಳುತ್ತಿದ್ದ ಎದೊ ಕಾಲಕ್ಕೆ ಗೊಂಬೆಗೆ ರೇಷ್ಮೆ ಬಂತು, ಜರಿ ಬಂತು, ಬೆಲೆಯೂ ಬಂತು. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ನೀರಿಗೆ ಬಿಡಲು ಯಾರಿಗೆ ಮನಸ್ಸಾದೀತು? ಗೊಂಬೆ ಮನೆಯಲ್ಲೇ ಉಳಿಯಿತು; ಉಳಿದು ಬೆಳೆಯಿತು. 18ನೇ ಶತಮಾನದಲ್ಲಿ ಶೋಗುನ್ ಸರ್ಕಾರ ಸುಮಾರು 24 ಸೆಂ.ಮೀ.ಗಿಂತ ಎತ್ತರದ ಗೊಂಬೆ ಕೂಡದೆಂದು ಕಟ್ಟಪ್ಪಣೆ ಮಾಡಬೇಕಾಯಿತು. ಕುಶಲಕರ್ಮಿಗಳು ಅಪ್ಪಣೆಗೆ ತಲೆಬಾಗಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಗೊಂಬೆ ಮಾಡಿ, ಬೆಲೆಯನ್ನು ಮಾತ್ರ ಚಿಕ್ಕದು ಮಾಡಲಿಲ್ಲ.

ಪೂರ್ಣ ಪ್ರಮಾಣದ ಜೋಡಣೆಗೆ ಏಳು ಮೆಟ್ಟಿಲು, ಹಾಸಲು ಕೆಂಪು ಬಟ್ಟೆ, 15 ಗೊಂಬೆ. ಮೇಲೆ ಚಕ್ರವರ್ತಿ, ಚಕ್ರವರ್ತಿನಿ. ಅವರ ಕೆಳಗೆ ಮೂವರು ಸಖಿಯರು, ಐವರು ವಾದ್ಯಗಾರರು, ಇಬ್ಬರು ಮಂತ್ರಿಗಳು, ಮೂವರು ಆಳುಗಳು. ಆಳುಗಳಲ್ಲಿ ಒಬ್ಬ ನಗುತ್ತಾನೆ, ಒಬ್ಬ ಅಳುತ್ತಾನೆ, ಒಬ್ಬ ಸಿಡುಕುತ್ತಾನೆ. ಇಡೀ ದರ್ಬಾರಿನಲ್ಲಿ ಮುಖದ ಮೇಲೆ ಮನಸ್ಸನ್ನು ತೋರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದು ಸಂಬಳ ಕಡಿಮೆಯಿರುವ ಈ ಮೂವರಿಗೇ. ಕೊನೆಯ ಮೆಟ್ಟಿಲುಗಳಲ್ಲಿ ಪೆಟ್ಟಿಗೆ, ಕನ್ನಡಿ, ಪಲ್ಲಕ್ಕಿ, ಎತ್ತಿನ ಬಂಡಿ. ಮೈಸೂರು ಸೀಮೆಯಲ್ಲಿ ಪಟ್ಟದ ಗೊಂಬೆ ಮಗಳ ಜೊತೆ ತವರಿಂದ ಬರುವಂತೆ ಜಪಾನಿನಲ್ಲೂ ಗೊಂಬೆ ಬರುವುದು ಸಾಮಾನ್ಯವಾಗಿ ತಾಯಿಯ ತವರಿನಿಂದಲೇ. ಆದರೆ ಮದುವೆಯಲ್ಲಲ್ಲ, ಕೂಸಿನ ಮೊದಲ ಹಬ್ಬಕ್ಕೆ. ಟೋಕಿಯೊದ ಫ್ಲ್ಯಾಟಿನಲ್ಲಿ ಏಳು ಮೆಟ್ಟಿಲು ಹಾಕಿದರೆ ಕೂಸನ್ನು ಮಲಗಿಸಲು ಜಾಗ ಉಳಿಯದು. ಹಾಗಾಗಿ ಈಗ ಅನೇಕ ಮನೆಗಳಲ್ಲಿ ರಾಜದಂಪತಿ ಮಾತ್ರ ಶೂ ಕಪಾಟಿನ ಮೇಲೆ ಒಡ್ಡೋಲಗ ನಡೆಸುತ್ತಾರೆ.

ದಂಪತಿಯಲ್ಲಿ ಯಾರು ಯಾವ ಕಡೆ ಎಂಬುದಕ್ಕೆ ಎರಡು ಶಾಸ್ತ್ರ. ಕ್ಯೋಟೊದಲ್ಲಿ ಚಕ್ರವರ್ತಿ ನೋಡುವವರ ಬಲಕ್ಕೆ, ಟೋಕಿಯೊದಲ್ಲಿ ಎಡಕ್ಕೆ. ಕ್ಯೋಟೊದ್ದು ಹಳೆಯ ಅರಮನೆಯ ಪದ್ಧತಿ, ಟೋಕಿಯೊದ್ದು ಪಾಶ್ಚಾತ್ಯ ರಾಜಮನೆತನಗಳನ್ನು ನೋಡಿ ಬದಲಾದದ್ದು. ಎರಡೂ ಊರಿನ ಬೀಗರು ಒಂದೇ ಮನೆಯಲ್ಲಿ ಸೇರಿದರೆ ಚಕ್ರವರ್ತಿ ಪದೇ ಪದೇ ಎದ್ದು ಜಾಗ ಬದಲಿಸಬೇಕಾಗುತ್ತದೆ. 1936ರಲ್ಲಿ ಬಂದ ಹಬ್ಬದ ಹಾಡಂತೂ ಗೊಂದಲಕ್ಕೆ ಇನ್ನಷ್ಟು ಕೈಜೋಡಿಸಿದೆ. ಇಬ್ಬರು ಮಂತ್ರಿಗಳಲ್ಲಿ ಕೆಂಪು ಮುಖದ ಮುದುಕ ಎಡಗಡೆಯ ಮಂತ್ರಿ. ಹಾಡು ಬರೆದ ಕವಿ ಸಾತೊ ಹಚಿರೊ ಅವನನ್ನು ಬಲಗಡೆಯ ಮಂತ್ರಿ ಮಾಡಿದರು. ಮಕ್ಕಳು ತಪ್ಪನ್ನೇ ರಾಗವಾಗಿ ಹಾಡುತ್ತಾರೆ, ಅಂಗಡಿಗಳ ಧ್ವನಿವರ್ಧಕವೂ ಫೆಬ್ರವರಿಯಿಂದ ಅದನ್ನೇ ಹಾಡುತ್ತದೆ.

ಹಬ್ಬದೂಟಕ್ಕೆ ಕರೆಸಿಕೊಂಡ ಅತಿಥಿ ಮೊದಲು ಗೊಂಬೆ ನೋಡಿ ಹೊಗಳಬೇಕು, ಆಮೇಲೆ ತತಾಮಿ ಚಾಪೆಯ ಮೇಲೆ ಮಂಡಿ ಮಡಿಸಿ ಕೂರಬೇಕು. ಹೊಗಳಿಕೆ ಸಲೀಸು, ಮಂಡಿ ಹತ್ತು ನಿಮಿಷದಲ್ಲಿ ಜೋಮು ಹಿಡಿಯುತ್ತದೆ. ಎದುರಿಗೆ ಚಿರಾಶಿಜುಶಿ: ವಿನೆಗರ್ ಬೆರೆಸಿದ ಅನ್ನದ ಮೇಲೆ ಎಳೆ ಎಳೆಯಾಗಿ ಕತ್ತರಿಸಿದ ಮೊಟ್ಟೆಯ ದೋಸೆ, ಸಿಗಡಿ, ತಾವರೆ ದಂಟು. ಪ್ರತಿಯೊಂದಕ್ಕೂ ಅರ್ಥವಿದೆ. ಸಿಗಡಿಯ ಬೆನ್ನು ಬಾಗಿರುವುದರಿಂದ ಬೆನ್ನು ಬಾಗುವವರೆಗೆ ಆಯಸ್ಸು. ತಾವರೆ ದಂಟಿನ ತೂತುಗಳಲ್ಲಿ ಇಣುಕಿದರೆ ಭವಿಷ್ಯ. ಸಾರಿನಲ್ಲಿ ಹಮಾಗುರಿ ಚಿಪ್ಪು: ಅದರ ಎರಡು ಹೋಳು ಒಂದಕ್ಕೊಂದು ಕೂಡುತ್ತವೆಯೇ ಹೊರತು ಬೇರೆ ಚಿಪ್ಪಿನ ಹೋಳಿಗೆ ಹೊಂದುವುದಿಲ್ಲ, ಆದ್ದರಿಂದ ದಾಂಪತ್ಯದ ಗುರುತು. ಮೂರು ವರ್ಷದ ಹುಡುಗಿಯ ಬಟ್ಟಲಲ್ಲೂ ದಾಂಪತ್ಯ ತೇಲುತ್ತಿರುತ್ತದೆ. ಅವಳ ಕಣ್ಣು ಮಾತ್ರ ಹಿನಅರಾರೆಯ ಮೇಲೆ. ಟೋಕಿಯೊ ಕಡೆ ಅದು ಸಕ್ಕರೆ ಸವರಿದ ಬಣ್ಣಬಣ್ಣದ ಅಕ್ಕಿಯ ಅರಳು, ಒಸಾಕಾ ಕಡೆ ಉಪ್ಪು ರುಚಿಯ ಉಂಡೆ. ಸಸ್ಯಾಹಾರಿ ಕನ್ನಡಿಗ ಅತಿಥಿಯಾದರೆ ಗುಲಾಬಿ, ಬಿಳಿ, ಹಸಿರು ಪದರಗಳ ಹಿಶಿಮೋಚಿ ಎಂಬ ಅಕ್ಕಿ ಕಡುಬಿನ ಕಡೆಗೇ ಮತ್ತೆ ಮತ್ತೆ ಕೈ ಚಾಚುತ್ತಾನೆ.

ಮಾರ್ಚ್ 4ರಿಂದ ಮನೆಯಲ್ಲಿ ಇನ್ನೊಂದು ಗಡಿಬಿಡಿ. ಗೊಂಬೆ ಎತ್ತಿಡುವುದು ತಡವಾದಷ್ಟೂ ಮಗಳ ಮದುವೆ ತಡವಾಗುತ್ತದೆಂಬ ನಂಬಿಕೆ. ಇದನ್ನು ನಂಬುವುದಿಲ್ಲ ಎನ್ನುವ ತಾಯಂದಿರೂ ಎತ್ತಿಡುವುದನ್ನಂತೂ ಮರೆಯುವುದಿಲ್ಲ. ಆದರೆ ಮಳೆಯ ದಿನ ಎತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಕಾಯಬೇಕು. ಒಂದೊಂದರ ಧೂಳು ಮೆತ್ತನೆಯ ಕುಂಚದಿಂದ ಒರೆಸಿ, ಮುಖಕ್ಕೆ ತೆಳು ಕಾಗದ ಸುತ್ತಿ, ಬೀಸಣಿಗೆ, ಖಡ್ಗ, ಕಿರೀಟಗಳನ್ನು ಬೇರೆ ಬೇರೆ ಕಟ್ಟಿ, ನುಸಿಗೆ ಔಷಧಿ ಇಟ್ಟು ಡಬ್ಬ ಮುಚ್ಚಬೇಕು. ಬಿಡುವೇ ಸಿಗದವರು ಗೊಂಬೆಗಳನ್ನು ಗೋಡೆಯ ಕಡೆ ತಿರುಗಿಸಿಟ್ಟು, ಅವು ಹೊರಟುಹೋದವು ಎಂದು ಲೆಕ್ಕ ಹಾಕುವುದೂ ಉಂಟು. ಅದೂ ಆಗದಿದ್ದರೆ ಪಂಚಾಂಗದ ಮೊರೆ. ಈ ಹಬ್ಬ ಮೂಲದಲ್ಲಿ ಚಾಂದ್ರಮಾನದ ಮೂರನೇ ತಿಂಗಳದ್ದು, ಪೀಚ್ ಹೂವಿನ ಕಾಲದ್ದು. ಹೊಸ ಕ್ಯಾಲೆಂಡರಿನ ಮಾರ್ಚ್ 3ಕ್ಕೆ ಆ ಹೂವು ಬಹುಪಾಲು ಕಡೆ ಅರಳಿರುವುದೇ ಇಲ್ಲ. ಹಿದಾ ತಕಯಾಮಾದಂಥ ಚಳಿಯ ಊರುಗಳಲ್ಲಿ ಏಪ್ರಿಲ್ 3ರವರೆಗೂ ಗೊಂಬೆಗಳು ಕೂತಿರುತ್ತವೆ. ಮಾರ್ಚ್ ಕೊನೆಗೂ ಮೆಟ್ಟಿಲು ಬಿಚ್ಚದ ಟೋಕಿಯೊದ ಸೊಸೆ, ಅತ್ತೆಯ ಫೋನ್ ಬಂದಾಗ, ತಾನೂ ಹಳೆಯ ಸಂಪ್ರದಾಯದವಳೇ ಎನ್ನಬಹುದು.