ಗುಡಿಸಲಿನ ಅರಮನೆ

1952ರ ಪ್ರಥಮ ಮಹಾಚುನಾವಣೆಯ ಸಮಯದಲ್ಲಿ, ಮಾನವಿಯ ಚಾವಡಿಯೊಂದರಲ್ಲಿ ಕುಳಿತು, ರಾಯಚೂರಿನ ಮೇಷ್ಟ್ರು, 1850ರ ಶಾಸನಾನುಸಾರ ಐರ್ಲೆಂಡಿನ ಕೌಂಟಿಗಳಲ್ಲಿ 12 ಪೌಂಡು ವಾರ್ಷಿಕ ಮೌಲ್ಯವೆಂದು ತೆರಿಗೆಪುಸ್ತಕದಲ್ಲಿ ನಮೂದಾದ ಆಸ್ತಿಯ ಅನುಭೋಗದಾರನಿಗೆ ಮತಾಧಿಕಾರವು ಪ್ರಾಪ್ತವಾಗುತ್ತಿದ್ದಿತೆಂದು ಸಾವಧಾನವಾಗಿ ವಿವರಿಸಲು, ದೇವದುರ್ಗದ ಸಾಹುಕಾರರು (ಜ್ಞಾನಕ್ಕಿಂತ ಆನಂದವೇ ಅಧಿಕವಾಗಿ) ಹಿಗ್ಗಿದರು.

“ನ್ಯಾಯವೆಂದರೆ ಅದು! ನನ್ನದು ಅರಮನೆಯಲ್ಲವೇನೋ?”

“ಹೌದ್ರಿ ಧಣಿ,” ಎಂದನು ಆಳು, “ಕಾಗದದಾಗ ಮಾತ್ರ ಗುಡಿಸಲು ಐತ್ರಿ. ನೀವೇ ಬರಸಿದ್ದು.”

“ಅದು ತೆರಿಗೆಗೆ!”

“ಅಲ್ಲಿಯೂ ಮತಕ್ಕೆ ನೋಡುತ್ತಿದ್ದುದು ತೆರಿಗೆಪುಸ್ತಕವನ್ನೇ,” ಎಂದರು ಮೇಷ್ಟ್ರು.

“ಹಾಗಾದರೆ ನನಗೆ ಮತ?”

“ಚಿಂತಿ ಬ್ಯಾಡ್ರಿ, ಈಗ ಗುಡಿಸಲದವರಿಗೂ ಐತ್ರಿ.”

“ಯಾರ ಪುಣ್ಯದಿಂದ?”

“ಇಪ್ಪತ್ತೊಂದು ತುಂಬಿದ ಪುಣ್ಯರಿ. ವಯಸ್ಸನ್ನೂ ಕಮ್ಮಿ ಬರಸಬ್ಯಾಡ್ರಿ ಮತ್ತ!”