ಸಿಆರ್‌ಪಿ ಮಿತಾಕ್ಷರಾ: ಹುಮನಾಬಾದ್ ಮತ್ತು ಬಸವಕಲ್ಯಾಣ ಪ್ರತಿಗಳ ತೌಲನಿಕ ಪರಿಷ್ಕರಣೆ

ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದರು. ತಂದೆಯ ಹೊಲದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ತೀರ್ಮಾನಿಸಿದ ಆ ಮಹಾನುಭಾವರು ತಂದೆಯ ರಕ್ತದ ಸಿಆರ್‌ಪಿಯಲ್ಲಿ (ಸಿ-ರಿಯಾಕ್ಟಿವ್ ಪ್ರೋಟೀನ್, ಸೋಂಕು ತಗುಲಿದಾಗ ರಕ್ತದಲ್ಲಿ ಏರುವ ಪದಾರ್ಥ) ಮಗನ ಪಾಲೆಷ್ಟು ಎಂಬುದನ್ನು ಮಾತ್ರ ಹೇಳದೆ ಹೋದರು. ಒಂಬೈನೂರು ವರ್ಷಗಳಿಂದ ಯಾವ ಪಂಡಿತನಿಗೂ ಕಾಣದ ಈ ಲೋಪವನ್ನು ತುಂಬಲು ಪ್ರಸ್ತುತ ಪ್ರಬಂಧಕಾರನೇ ಹುಟ್ಟಿಬರಬೇಕಾಯಿತು.

ಪರಿಷ್ಕರಣೆಗೆ ಸಿಕ್ಕ ಪ್ರತಿಗಳು ಮೂರು, ಮೂರೂ ಒಬ್ಬರೇ ಯಜಮಾನರವು, ಒಂದೇ ವಾರದವು. ಹುಮನಾಬಾದ್ ಪ್ರತಿಯ ಪಾಠ ‘0.4’. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಬಸವಕಲ್ಯಾಣ ಪ್ರತಿಯ ಪಾಠ ‘4.0’. ಮೂರನೆಯದು ಬರೀ ‘ನೆಗೆಟಿವ್’.

ಹತ್ತು ಪಟ್ಟಿನ ಈ ಪಾಠಾಂತರಕ್ಕೆ ಪೂರ್ವಪಕ್ಷಗಳು ಹಲವು. ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ದಾಟುವಾಗ ಲಾರಿಗಳ ಹೊಗೆ ಕುಡಿದು ಏರಿತೆಂದು ಅಳಿಯ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಕೃಪೆಯಿಂದ ಇಳಿದಿತ್ತೆಂದು ಅತ್ತೆ. ಕಲ್ಯಾಣಕ್ಕೆ ಹೋದ ದಿನ ರೊಟ್ಟಿ, ಭಜ್ಜಿ ತಿಂದೇ ರಕ್ತ ಕೊಟ್ಟರೆಂದು ಕಾಕಾ. ಕಾಕಾನ ಪಕ್ಷ ನಿಲ್ಲುವುದಿಲ್ಲ. ಈ ತಪಾಸಣೆಗೆ ಖಾಲಿ ಹೊಟ್ಟೆ ಬೇಕಿಲ್ಲ. “ಹತ್ತು ಪಟ್ಟು ಏರ್ಯಾದ ನೋಡ್ರಿ, ಇದೆಲ್ಲಾ ನಿಮ್ಮ ಬೀಡಿದೇ ಕೆಲ್ಸ” ಎಂಬುದು ಯಜಮಾನಿಯ ಮತ. ಅದನ್ನು ಮುಂದೆ ಗೌರವದಿಂದ ಪರಿಶೀಲಿಸಲಾಗುವುದು.

ಸಿದ್ಧಾಂತವಿಷ್ಟು. ಅಂಕಿಯ ಪಕ್ಕದಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾದ ಮಾನವನ್ನು ಯಾರೂ ಓದಿರಲಿಲ್ಲ. ಹುಮನಾಬಾದ್ ಲಿಪಿಕಾರ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿದ್ದಾನೆ, ಕಲ್ಯಾಣದವನು ಲೀಟರಿಗೆ ಇಷ್ಟು ಎಂದು. ಒಂದು ಲೀಟರಿಗೆ ಹತ್ತು ಡೆಸಿಲೀಟರ್. ಎರಡೂ ಒಂದೇ ಪಾಠ. ಮೂರನೆಯದು ಸ್ಲೈಡಿನ ಮೇಲೆ ಹನಿ ಬೆರೆಸಿ ಅಲುಗಾಡಿಸಿ ನೋಡುವ ಲ್ಯಾಟೆಕ್ಸ್ ಸಂಪ್ರದಾಯದ್ದು. ಸಾಮಾನ್ಯವಾಗಿ ಲೀಟರಿಗೆ 6 ಮಿಲಿಗ್ರಾಂ ಆಗುವ ತನಕ ಅದು ಮೌನವ್ರತ ಬಿಡುವುದಿಲ್ಲ.

ಹಾಗಾದರೆ 4 ಎಂಬುದು ನಾರ್ಮಲ್ಲೋ ಅಲ್ಲವೋ? ಇಲ್ಲಿ ಶಾಸ್ತ್ರ ಗಹನವಾಗುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಈ ಪದಾರ್ಥವನ್ನು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಗಟ್ಟಿಮುಟ್ಟಾದವರ ರಕ್ತದಲ್ಲೂ ಅದು ತುಸು ಇದ್ದೇ ಇರುತ್ತದೆ. 1981ರಲ್ಲಿ ಪ್ರಕಟವಾದ ಲೆಕ್ಕದಂತೆ ಆರೋಗ್ಯವಂತ ರಕ್ತದಾನಿಗಳಲ್ಲಿ ಅರ್ಧದಷ್ಟು ಜನರದು ಲೀಟರಿಗೆ 0.8 ಮಿಲಿಗ್ರಾಮಿನೊಳಗೆ, ನೂರಕ್ಕೆ 90 ಮಂದಿಯದು 3ರೊಳಗೆ, 99 ಮಂದಿಯದು 10ರೊಳಗೆ. ಆದರೆ ಅವರು ಎಳೆವಯಸ್ಸಿನ ದಾನಿಗಳು. ನಮ್ಮ ಯಜಮಾನರು ಈ ತನಕ ದಾನ ಮಾಡಿದ್ದು ಜಾತ್ರೆಯ ಪಟ್ಟಿಗೆ ಮಾತ್ರ.

2003ರಲ್ಲಿ ಅಮೆರಿಕದ ಹೃದಯತಜ್ಞರು ಬೇರೊಂದು ಗೆರೆ ಎಳೆದರು: 1ಕ್ಕಿಂತ ಕಡಿಮೆಯಾದರೆ ಹೃದಯಕ್ಕೆ ಅಪಾಯ ಅಲ್ಪ, 3ರ ತನಕ ಮಧ್ಯಮ, ಅದರಾಚೆ ಹೆಚ್ಚು. ಆದ್ದರಿಂದ 4 ಇರುವ ಯಜಮಾನರು ಜ್ವರಶಾಸ್ತ್ರದ ಪ್ರಕಾರ ನಿರೋಗಿ, ಹೃದಯಶಾಸ್ತ್ರದ ಪ್ರಕಾರ ಸಂಶಯಾಸ್ಪದರು. ಎರಡೂ ಶಾಸ್ತ್ರ ಸರಿ, ಕೇಳಿದ ಪ್ರಶ್ನೆ ಬೇರೆ. ಹೃದಯದ ಪ್ರಶ್ನೆಗಾದರೆ 10 ಮೀರಿದ ಪ್ರತಿ ಪ್ರಕ್ಷಿಪ್ತವೆಂದೇ ಗಣಿಸಬೇಕು: ಎಲ್ಲೋ ಸೋಂಕೋ ಪೆಟ್ಟೋ ನಡುವೆ ಕೈಯಾಡಿಸಿದೆ. ಸೋಂಕು ತಗುಲಿದ ಆರೇಳು ಗಂಟೆಯಲ್ಲಿ ಯಕೃತ್ತು ಉತ್ಪಾದನೆ ಏರಿಸುತ್ತದೆ, ಎರಡು ದಿನಕ್ಕೆ ಶಿಖರ. ನಿಲ್ಲಿಸಿದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ದಾಯ ವಿಚಾರ. ತಂದೆ ತೀರಿದ ಮೇಲೆಯೇ ಮಗನಿಗೆ ಹಕ್ಕು ಎನ್ನುವ ಬಂಗಾಳದ ದಾಯಭಾಗ ಇಲ್ಲಿ ಪೂರ್ತಿ ಸೋಲುತ್ತದೆ. ಸಿಆರ್‌ಪಿಯ ತಳಮಟ್ಟದಲ್ಲಿ ವಂಶದ ಪಾಲಿದೆ, ಅದು ಹುಟ್ಟುವಾಗಲೇ ಕೈಸೇರುತ್ತದೆ; ಒಂದೇ ಶರೀರದ ಅಂಶ ಹಂಚಿಕೊಂಡವರೇ ಸಪಿಂಡರು ಎಂದ ವಿಜ್ಞಾನೇಶ್ವರರಿಗೆ ಜಯವಾಗಲಿ. ಆದರೆ ಮಗ ತನ್ನ ಪೂರ್ತಿ ಅಂಕಿಯನ್ನು ಅಪ್ಪನ ತಲೆಗೆ ಕಟ್ಟುವಂತಿಲ್ಲ. ಬೊಜ್ಜಿನ ಹೊಟ್ಟೆ, ಬೀಡಿ, ವರ್ಷಗಟ್ಟಲೆ ರಕ್ತ ಒಸರುವ ವಸಡು, ಇವೂ ಅಂಕಿಯನ್ನು ಏರಿಸುತ್ತವೆ. ಇವು ಸ್ವಯಾರ್ಜಿತ, ಅಣ್ಣತಮ್ಮಂದಿರು ಪಾಲು ಕೇಳಲು ಬರುವುದಿಲ್ಲ. ಯಜಮಾನಿಯ ಬೀಡಿವಾದ ಇಷ್ಟರ ಮಟ್ಟಿಗೆ ಶಾಸ್ತ್ರಸಮ್ಮತ.

ಹೃದಯದ ನಿರ್ಣಯಕ್ಕೆ ಒಂದೇ ಪ್ರತಿ ಸಾಲದು. ಎರಡು ವಾರ ಬಿಟ್ಟು ಇನ್ನೊಂದನ್ನು ತೆಗೆಸಿ ಸರಾಸರಿ ನೋಡಬೇಕೆಂಬುದು 2003ರ ವಿಧಿ. ಯಾವ ಊರಲ್ಲಿ ತೆಗೆಸಬೇಕೆಂಬಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಯಜಮಾನರು 0.4 ಕೊಡುವ ಹುಮನಾಬಾದೇ ಸಾಕೆನ್ನುತ್ತಾರೆ. ಮಾನದ ಗುಟ್ಟು ಈಗ ಚೆನ್ನಾಗಿ ತಿಳಿದಿರುವ ಯಜಮಾನಿ, ಬೀಡಿ ಬಿಡಿಸಲು 4.0 ಕೊಡುವ ಕಲ್ಯಾಣವೇ ಆಗಬೇಕೆಂದು ಹಟ ಹಿಡಿದಿದ್ದಾರೆ.