ಉಚಿತ ಕರ್ಸರ್ ಕಲಾವಿದರಿಗೊಂದು ಬಹಿರಂಗ ಪತ್ರ

ಬಣ್ಣಬಣ್ಣದ ಮೌಸ್ ಕರ್ಸರ್ ಬಿಡಿಸಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಮಹನೀಯರೇ,

ನಿಮ್ಮ ‘ಅಲ್ಟ್ರಾ ಎಚ್‌ಡಿ’ ನವಿಲುಗರಿ ನನ್ನ ಲ್ಯಾಪ್‌ಟಾಪಿನಲ್ಲಿ ಮೆರೆಯುತ್ತಿದೆ. ಪಕ್ಕದ 4ಕೆ ಮಾನಿಟರಿಗೆ ಕಾಲಿಟ್ಟಿತೋ, ಹತ್ತಾರು ಸಲ ಒಗೆದ ಶಾಲಿನ ಹಾಗೆ ಬಿಳಿಚಿಕೊಳ್ಳುತ್ತದೆ. ಗರಿಯ ಕಣ್ಣು ಮಂಜು, ಅಂಚಿನ ಎಳೆಗಳು ನಾಪತ್ತೆ. ಕ್ಲಿಕ್ ಬೀಳಬೇಕಾದ ತುದಿಯೇ ಕಾಣದ್ದರಿಂದ, ಕಿಟಕಿ ದೊಡ್ಡದು ಮಾಡಲು ಹೋದರೆ ಮುಚ್ಚಿಯೇ ಹೋಗುತ್ತದೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು, ನಿಜ. ಅದಕ್ಕೇ ನಿಮ್ಮನ್ನು ಬಿಟ್ಟು ಉಳಿದವರೆಲ್ಲ ತನಿಖೆಗೆ ಒಳಗಾದರು. ಕೇಬಲ್ ಬದಲಿಸಿ ಅಂದರು ಒಬ್ಬರು, ಡ್ರೈವರ್ ಅಪ್‌ಡೇಟ್ ಮಾಡಿ ಅಂದರು ಇನ್ನೊಬ್ಬರು. ಗ್ರಾಹಕ ಸೇವೆಯವರು ಸ್ಕ್ರೀನ್‌ಶಾಟ್ ಕೇಳಿದರು. ಪ್ರಿಂಟ್‌ಸ್ಕ್ರೀನ್ ಒತ್ತಿದರೆ ಪರದೆಯ ಕಸಕಡ್ಡಿಯೆಲ್ಲ ಬಂತು, ಕರ್ಸರ್ ಮಾತ್ರ ಬರಲಿಲ್ಲ. ಗ್ರಾಫಿಕ್ಸ್ ಕಾರ್ಡು ಅದನ್ನು ಪ್ರತ್ಯೇಕ ಪದರದಲ್ಲಿ ಕೂರಿಸುತ್ತದಂತೆ. “ಚಿತ್ರದಲ್ಲಿ ಕರ್ಸರೇ ಇಲ್ಲವಲ್ಲ ಸಾರ್, ತೊಂದರೆ ಯಾವುದಕ್ಕೆ?” ಎಂದು ಅವರು ದೂರನ್ನು ಮುಕ್ತಾಯಗೊಳಿಸಿದರು.

ಆಮೇಲೆ ವಿಂಡೋಸಿನ ಹಳೇ ಬಿಳಿ ಬಾಣ ಹಾಕಿದೆ. ಎರಡೂ ಪರದೆಗಳಲ್ಲಿ ಚೂಪಾಗಿ ನಿಂತಿತು. ಕೇಬಲ್ಲು, ಕಾರ್ಡು, ಮಾನಿಟರು ಮೂವರೂ ನಿರ್ದೋಷಿಗಳು. ನಿಮ್ಮ ಫೈಲಿನ ಹೊಟ್ಟೆ ಬಗೆದು ನೋಡಿದರೆ ಒಳಗಿದ್ದದ್ದು ಒಂದೇ ಒಂದು ಚಿತ್ರ, 32×32 ಪಿಕ್ಸೆಲ್!

100% ಸ್ಕೇಲಿಂಗ್ ಇರುವ ಲ್ಯಾಪ್‌ಟಾಪಿಗೆ ಅದು ಸಾಕು. 3840×2160ರ ಮಾನಿಟರು 200% ಸ್ಕೇಲಿಂಗಿನಲ್ಲಿ ಕೇಳುವುದು 64×64. ಇಲ್ಲದ್ದನ್ನು ವಿಂಡೋಸ್ ಎಲ್ಲಿಂದ ತರಬೇಕು ಪಾಪ? ಇದ್ದದ್ದನ್ನೇ ಹಿಗ್ಗಿಸುತ್ತದೆ. ಹಿಗ್ಗಿಸುವಾಗ ಅಂಚಿನ ಬಣ್ಣ ಪಕ್ಕದ ಪಾರದರ್ಶಕ ಚುಕ್ಕೆಗಳೊಂದಿಗೆ ಬೆರೆತು ಅರೆಬರೆಯಾಗುತ್ತದೆ. ದಪ್ಪ ಬಾಣವಾದರೆ ಹೇಗೋ ತಡೆದುಕೊಂಡೀತು; ಕೂದಲೆಳೆಯ ಗರಿ ತಡೆಯುವುದಿಲ್ಲ. ಇದೇ ಗರಿಯನ್ನು 256ರಲ್ಲಿ ಬರೆದು ಕುಗ್ಗಿಸಲು ಬಿಟ್ಟರೂ ಎಳೆಗಳು ಅಳಿಸಿಹೋಗುತ್ತವೆ, ಆ ಉಪಾಯವನ್ನು ದಯವಿಟ್ಟು ಹೂಡಬೇಡಿ.

1973ರ ಜೆರಾಕ್ಸ್ ಆಲ್ಟೊದಲ್ಲಿ ಕರ್ಸರು 16×16 ಇತ್ತು. ಪರದೆ 606×808 ಇದ್ದ ಕಾಲಕ್ಕೆ ಅದೇನೂ ಕಡಿಮೆಯಲ್ಲ. ಅವರು ಅದನ್ನು ‘ಅಲ್ಟ್ರಾ’ ಎಂದು ಕರೆದುಕೊಳ್ಳಲಿಲ್ಲ ಅಷ್ಟೆ.

ಮಾನಿಟರಿನ ಸ್ಕೇಲಿಂಗನ್ನೂ 100%ಕ್ಕೆ ಇಳಿಸಿ ನೋಡಿದೆ. ಗರಿಗೆ ಜೀವ ಬಂತು, ಆದರೆ ಮಾನಿಟರಿನಲ್ಲಿ ಒತ್ತಕ್ಷರ ಓದಲು ಭೂತಗನ್ನಡಿ ಬೇಕಾಯಿತು. ಕರ್ಸರಿನ ಅಂದಕ್ಕಾಗಿ ಕಣ್ಣು ಕಳೆದುಕೊಳ್ಳುವಷ್ಟು ದೊಡ್ಡ ರಸಿಕ ನಾನಲ್ಲ.

ಬೇಡಿಕೆ ದೊಡ್ಡದೇನಲ್ಲ. ಒಂದೇ .ಸಿಯುಆರ್ ಫೈಲಿನಲ್ಲಿ 32, 48, 64, 96, 128ರ ಚಿತ್ರಗಳನ್ನೆಲ್ಲ ತುಂಬಬಹುದು; ಪ್ರತಿಯೊಂದಕ್ಕೂ ಅದರದೇ ಹಾಟ್‌ಸ್ಪಾಟ್, ಅಂದರೆ ಕ್ಲಿಕ್ ಬೀಳುವ ಚುಕ್ಕೆ, ಗುರುತಿಸಲು ಜಾಗವಿದೆ. ಚಿಕ್ಕದನ್ನೇ ಎಳೆದು ದೊಡ್ಡದು ಮಾಡಿ ತುಂಬಬೇಡಿ, ಆ ಕೆಲಸಕ್ಕೆ ವಿಂಡೋಸ್ ಇದ್ದೇ ಇದೆ. ಒಂದೊಂದನ್ನೂ ಹೊಸದಾಗಿ ಬಿಡಿಸಿ. ನಿಮ್ಮ ಕುಣಿಯುವ ನವಿಲಿನ .ಎಎನ್‌ಐ ಫೈಲಿನಲ್ಲಾದರೆ ಪ್ರತಿ ಫ್ರೇಮಿಗೂ ಇದೇ ಸೇವೆ ಆಗಬೇಕು. ಕುಣಿಸಲು ಹೊರಟವರು ನೀವೇ ತಾನೆ?

ಇಂತಿ,
ಸದ್ಯಕ್ಕೆ ಬಿಳಿ ಬಾಣದ ಆಶ್ರಯದಲ್ಲಿರುವ
ನಿಮ್ಮ ಅಭಿಮಾನಿ